ಜಿಪ್ಸಿಗೆ ಬಲೆನೊ ಇಂಜಿನ್: ರಿಟರ್ನ್ ಪೈಪಿನ ಪುರಾಣ

ನನ್ನ ಜಿಪ್ಸಿ ಕಾರ್ಬುರೇಟರ್ ಕಾಲದ್ದು. ಈಗ ಅದರ ಬಾನೆಟ್ ಕೆಳಗೆ ಕೂತಿರೋದು ಹಳೇ ಬಲೆನೊ ಸೆಡಾನಿನ 1.6 ಲೀಟರ್ ಇಂಜಿನ್. ಗೋಣಿಕೊಪ್ಪದ ಕಡೆ ಈ ಕಸಿ ಯಾರಿಗೂ ಹೊಸದಲ್ಲ. ಮೌಂಟ್ ಹೇಗೆ ಮಾಡಿದ್ರಿ, ವೈರಿಂಗ್ ಯಾರು ಮಾಡಿದ್ರು ಅಂತ ಎಲ್ಲರೂ ಕೇಳ್ತಾರೆ. ಪೆಟ್ರೋಲ್ ಲೈನ್ ವಿಷಯ ಬಂದರೆ ಮಾತ್ರ, “ಅದೇನು ಮಹಾ, ಒಳ್ಳೆ ಪಂಪ್ ಹಾಕಿ, ರೆಗ್ಯುಲೇಟರ್ ಹಾಕಿ, ಮುಗೀತು” ಅನ್ನುತ್ತಾರೆ. ಮುಗಿಯಲ್ಲ. ನನ್ನ ಗಾಡಿಯಲ್ಲಿ ಸತಾಯಿಸಿದ್ದು ಪಂಪೂ ಅಲ್ಲ, ರೆಗ್ಯುಲೇಟರೂ ಅಲ್ಲ. ಟ್ಯಾಂಕಿಗೆ ವಾಪಸ್ ಹೋಗುವ ಪೈಪು.

(ಆರ್‌ಟಿಒ ವಿಷಯ ಕೇಳುವವರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ಅನುಮತಿ ತಗೊಂಡು ಆರ್‌ಸಿಯಲ್ಲಿ ಬರೆಸಲೇಬೇಕು. ಆ ಅಲೆದಾಟದ ಕಥೆ ಇನ್ನೊಂದು ದಿನ.)

ಕಾರ್ಬುರೇಟರ್‌ಗೆ ಕಾಲು ಬಾರ್ ಒತ್ತಡ ಇದ್ದರೆ ಧಾರಾಳ. ಬಲೆನೊ ಇಂಜಿನಿನಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗೆ ಸುಮಾರು 3 ಬಾರ್ ಬೇಕು. ಅದಕ್ಕೆ ಎಲೆಕ್ಟ್ರಿಕ್ ಪಂಪ್. ಪಂಪಿಗೆ ತಲೆ ಇಲ್ಲ, ಇಂಜಿನ್ ಎಷ್ಟು ಕುಡಿಯುತ್ತೆ ಅಂತ ನೋಡದೆ ತಳ್ಳುತ್ತಲೇ ಇರುತ್ತೆ. ಜಾಸ್ತಿಯಾದದ್ದನ್ನು ಟ್ಯಾಂಕಿಗೆ ಬಿಟ್ಟು ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡ ಹಿಡಿದಿಡೋದು ರೆಗ್ಯುಲೇಟರ್ ಕೆಲಸ.

ಇಂಜಿನ್ ಜೊತೆ ಬಂದ ರೆಗ್ಯುಲೇಟರ್ ಕೆಟ್ಟಿತ್ತು. ಅದನ್ನು ಕಂಡುಹಿಡಿಯೋದು ಸುಲಭ. ಮೇಲೆ ಒಂದು ಸಣ್ಣ ವ್ಯಾಕ್ಯೂಮ್ ಹೋಸ್ ಇರುತ್ತೆ, ಇಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿನಿಂದ ಬಂದದ್ದು. ಅದನ್ನು ಎಳೆದು ಮೂಸಿ ನೋಡಿ. ಒಳಗೆ ಒಣಗಿರಬೇಕು. ನನ್ನದರ ತುದಿಯಿಂದ ಬೆರಳಿಗೆ ಪೆಟ್ರೋಲ್ ತೊಟ್ಟಿಕ್ಕಿತು. ರೆಗ್ಯುಲೇಟರ್ ಒಳಗಿನ ತೆಳು ಪರದೆ, ಡಯಾಫ್ರಮ್, ಹರಿದಿದೆ ಅಂತಲೇ ಅರ್ಥ. ಹಾಗೇ ಓಡಿಸಿದರೆ ಇಂಜಿನ್ ಆ ಹೋಸಿನಿಂದಲೂ ಪೆಟ್ರೋಲ್ ಕುಡಿದು ಕಪ್ಪು ಹೊಗೆ ಬಿಡುತ್ತೆ. ಹಾಗಾಗಿ ಸ್ಕ್ರೂ ತಿರುಗಿಸಿ ಒತ್ತಡ ಹೊಂದಿಸುವ ಹೊಸ ರೆಗ್ಯುಲೇಟರ್ ತಂದೆ, ಜೊತೆಗೆ ಗೇಜ್.

ಲೈನ್ ಹೋಗುವ ದಾರಿ ಹೀಗೆ: ಟ್ಯಾಂಕಿನಿಂದ ಪಂಪ್, ಪಂಪಿನಿಂದ ಫಿಲ್ಟರ್, ಫಿಲ್ಟರಿನಿಂದ ರೈಲಿನ ಒಂದು ತುದಿ, ಇನ್ನೊಂದು ತುದಿಯಿಂದ ರೆಗ್ಯುಲೇಟರ್, ಅಲ್ಲಿಂದ ಟ್ಯಾಂಕಿಗೆ. ರೆಗ್ಯುಲೇಟರ್ ರೈಲ್ ಆದಮೇಲೆ ಬಂದರೆ ಬಿಸಿ ಪೆಟ್ರೋಲ್ ರೈಲಿನಲ್ಲಿ ನಿಲ್ಲದೆ ಹರಿಯುತ್ತಲೇ ಇರುತ್ತೆ. ವ್ಯಾಕ್ಯೂಮ್ ಹೋಸನ್ನು ಥ್ರಾಟಲ್ ಆದಮೇಲಿನ ಮ್ಯಾನಿಫೋಲ್ಡಿಗೇ ಹಾಕಬೇಕು, ಸುಮ್ನೆ ಗಾಳಿಗೆ ಬಿಡಬಾರದು. ಇಂಜೆಕ್ಟರಿನ ಒಂದು ಕಡೆ ರೈಲು, ಇನ್ನೊಂದು ಕಡೆ ಮ್ಯಾನಿಫೋಲ್ಡ್ ಅಲ್ವಾ? ಇವೆರಡರ ನಡುವಿನ ವ್ಯತ್ಯಾಸ ಯಾವಾಗಲೂ 3 ಬಾರ್ ಇರಲಿ ಅಂತಲೇ ಆ ಹೋಸು.

ಎಲ್ಲಾ ಜೋಡಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಪಂಪ್ ಮಾತ್ರ ಓಡಿಸಿ, ಒಂದೊಂದು ಜಾಯಿಂಟನ್ನೂ ಟಿಶ್ಯೂ ಪೇಪರಿನಿಂದ ಒರೆಸಿ ನೋಡಿದೆವು. ಸೋರಿಕೆ ಇಲ್ಲ. ವ್ಯಾಕ್ಯೂಮ್ ಹೋಸ್ ಬಿಚ್ಚಿಟ್ಟು ಗೇಜ್ ನೋಡಿದರೆ 3.6. ಸ್ಕ್ರೂ ಸಡಿಲಿಸಿದೆ. 3.6. ಪೂರ್ತಿ ಬಿಚ್ಚಿದರೂ ಮುಳ್ಳು ಅಲ್ಲಾಡಲಿಲ್ಲ.

ಗ್ಯಾರೇಜಿನ ಹುಡುಗ “ರೆಗ್ಯುಲೇಟರ್ ಡೂಪ್ಲಿಕೇಟ್ ಸಾರ್” ಅಂದ. ನನಗೆ ಹಾಗನ್ನಿಸಲಿಲ್ಲ. ಗಾಡಿಯನ್ನು ಕಾಫಿ ಕಣದ ನಡುವಿನ ಬಯಲಿಗೆ ತಳ್ಳಿ, ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ರಿಟರ್ನ್ ಹೋಸನ್ನು ಹಳೇ ಪೈಪಿನಿಂದ ತೆಗೆದು ದಪ್ಪ ಹೋಸ್ ಹಾಕಿ ಲೋಹದ ಕ್ಯಾನಿಗೆ ಬಿಟ್ಟೆ. ಪಂಪ್ ಹಾಕಿದ ತಕ್ಷಣ ಮುಳ್ಳು ಎರಡರ ಹತ್ತಿರ ಬಿತ್ತು. ಸ್ಕ್ರೂ ತಿರುಗಿಸಿದಂತೆ ಹೇಳಿದ ಮಾತು ಕೇಳಿಕೊಂಡು ಮೇಲೇರಿತು. ಪಾಪ, ರೆಗ್ಯುಲೇಟರ್ ಸರಿಯಾಗೇ ಇತ್ತು.

ಜಿಪ್ಸಿಯ ಹಳೇ ರಿಟರ್ನ್ ಪೈಪು ಕಾರ್ಬುರೇಟರಿನ ಚೂರುಪಾರು ಪೆಟ್ರೋಲಿಗೆ ಮಾಡಿದ್ದು. ಸಣ್ಣ ಪೈಪು, ಒಳಗೆ ತುಕ್ಕು ಬೇರೆ. ಅದು ಉಸಿರು ಕಟ್ಟಿಸಿದರೆ ರೆಗ್ಯುಲೇಟರ್ ಬಾಗಿಲು ಎಷ್ಟು ತೆಗೆದರೇನು? ತಮಾಷೆ ಅಂದರೆ ಈ ತೊಂದರೆ ಫುಲ್ ಥ್ರಾಟಲಿನಲ್ಲಿ ಕಾಣೋದು ಕಡಿಮೆ. ಐಡಲಿನಲ್ಲೇ ಜಾಸ್ತಿ. ಇಂಜಿನ್ ಕುಡಿಯೋದು ಕಡಿಮೆ ಇದ್ದಾಗ ಪಂಪ್ ತಳ್ಳಿದ್ದೆಲ್ಲಾ ಹೆಚ್ಚುಕಮ್ಮಿ ವಾಪಸ್ ಬರಬೇಕಲ್ಲ! ಇಂಜೆಕ್ಟರಿನಿಂದ ಹೋಗುವ ಪೆಟ್ರೋಲ್ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಏರುತ್ತೆ. 3ರ ಬದಲು 3.6 ಅಂದರೆ ಸುಮಾರು 9.5% ಜಾಸ್ತಿ. ಇಂಜಿನ್ನಿನ ಕಂಪ್ಯೂಟರ್ ಇಸಿಯು ಪಾಪ ಎಷ್ಟೂಂತ ಸರಿದೂಗಿಸೀತು.

ಹಳೇ ಪೈಪ್ ಕಿತ್ತು 8 ಎಂಎಂ ಸ್ಟೀಲ್ ಪೈಪ್ ಎಳೆದೆವು. ತಾಮ್ರದ್ದು ಬಗ್ಗಿಸೋಕೆ ಸುಲಭ ಅಂತ ಹಾಕಬೇಡಿ, ನಮ್ಮ ರಸ್ತೆಯ ಅದುರಿಗೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ಪೈಪಿನ ತುದಿಯಲ್ಲಿ ಉಬ್ಬು ಮಾಡಿಸಿ, ಇಲ್ಲದಿದ್ದರೆ ಹೋಸ್ ಜಾರುತ್ತೆ. ಹೋಸಿನ ಮೇಲೆ ‘ಜೆ30 ಆರ್9’ ಅಂತ ಅಚ್ಚಿರಬೇಕು. ಆರ್7 ಅಂತಿದ್ದರೆ ಅದು ಕಾರ್ಬುರೇಟರಿನದ್ದು, ಅಂಗಡಿಯವರು ಎರಡೂ ಒಂದೇ ಅಂದರೂ ತಗೋಬೇಡಿ. ಪೈಪಿನ ತುದಿ ಅರಳಿಸಿ ಕೂಡಿಸುವ ಫ್ಲೇರ್ ಜಾಯಿಂಟಿಗೆ ನಲ್ಲಿಯ ಬಿಳಿ ಟೇಪ್ ಸುತ್ತುವ ಚಟ ಬಿಡಿ. ಅದರ ಚೂರು ಇಂಜೆಕ್ಟರಿನ ಜಾಲರಿಗೆ ಹೋಗಿ ಕೂರುತ್ತೆ.

ಈಗ ವ್ಯಾಕ್ಯೂಮ್ ಹೋಸ್ ಬಿಚ್ಚಿದರೆ 3, ಹಾಕಿದರೆ ಐಡಲಿನಲ್ಲಿ ಸುಮಾರು 2.5. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟಿದಾಗ ಇದೇ ಗೇಜ್ ಐಡಲಿನಲ್ಲಿ ಸ್ವಲ್ಪ ಕಮ್ಮಿ ತೋರಿಸುತ್ತೆ, ಗಾಬರಿ ಬೇಡ. ಮೇಲೆ ಗಾಳಿಯ ಒತ್ತಡ ಕಮ್ಮಿ, ಕೆಳಗೆ ಜಾಸ್ತಿ, ಗೇಜ್ ಅಳೆಯೋದು ಹೊರಗಿನ ಗಾಳಿಗೆ ಹೋಲಿಸಿ. ಇಂಜೆಕ್ಟರಿಗೆ ಸಿಗೋದು ಎರಡೂ ಊರಲ್ಲಿ ಅದೇ 3. ಹಾಗಾಗಿ ಸ್ಕ್ರೂ ಹೊಂದಿಸುವಾಗೆಲ್ಲ ಹೋಸ್ ಬಿಚ್ಚಿಟ್ಟೇ ಹೊಂದಿಸಿ.

ಬಾಕಿ ಉಳಿದಿರೋದು ಎರಡು ಕೆಲಸ. ಶೆಡ್ಡಿನ ಇಲಿಗಳಿಗೆ ರಬ್ಬರ್ ಅಂದರೆ ಪ್ರಾಣ, ಹೋಸಿಗೆ ಸ್ಟೀಲ್ ಜಾಲರಿ ಹಾಕಬೇಕು. ಆಮೇಲೆ ತೋಟದ ಏರಿನಲ್ಲಿ ಟ್ಯಾಂಕ್ ಕಾಲು ಭಾಗ ಇದ್ದರೆ ಪೆಟ್ರೋಲ್ ಹಿಂದಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತೆ, ಗೇಜ್ ಮುಳ್ಳು ಕುಣಿಯುತ್ತೆ. ಅದಕ್ಕೊಂದು ಸಣ್ಣ ಸರ್ಜ್ ಟ್ಯಾಂಕ್ ಬೇಕು, ಪಂಪಿಗೆ ಸದಾ ಪೆಟ್ರೋಲ್ ಸಿಗುವಂತೆ ಹಿಡಿದಿಡೋಕೆ. ಮಳೆ ಹಿಡಿಯುವ ಮೊದಲು ಮಾಡಿಸೋಣ ಅಂತಿದ್ದೇನೆ. ಅಲ್ಲಿವರೆಗೆ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸುತ್ತಿಲ್ಲ.