ಪಿಸಿಐ ಎಕ್ಸ್‌ಪ್ರೆಸ್ ಕ್ಲಾಕ್ ಏರಿಸಲು ಹೊರಟ ಒಂದು ದಿನ

ಗ್ರಾಫಿಕ್ಸ್ ಕಾರ್ಡಿನಂಥವನ್ನು ಕಂಪ್ಯೂಟರ್‌ಗೆ ಜೋಡಿಸುವ ದತ್ತಾಂಶದ ದಾರಿ ಪಿಸಿಐ ಎಕ್ಸ್‌ಪ್ರೆಸ್ (ಪಿಸಿಐಇ) ಬಸ್. ಅದರ ಮೂಲ ಕ್ಲಾಕ್ 100 ಮೆಗಾಹರ್ಟ್ಸ್. ಮಷೀನ್ ಆರಂಭವಾಗುವಾಗ ಬರುವ ಸೆಟ್ಟಿಂಗ್ ಪರದೆ ಬಯೋಸ್‌ನಲ್ಲಿ ಅದನ್ನು 105 ಮಾಡಲು ಅರೆನಿಮಿಷ ಸಾಕು. ಇಡೀ ದಿನ ಹಿಡಿಯುವುದು ಪರೀಕ್ಷೆ.

ಮೊದಲ ಕೆಲಸ ಬ್ಯಾಕಪ್. 2011ರ ಇಂಟೆಲ್ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್ ಕಾಲದ ಸಾಮಾನ್ಯ ಬೋರ್ಡ್‌ಗಳಲ್ಲಿ ಬಿಸಿಎಲ್‌ಕೆ (ಬೇಸ್ ಕ್ಲಾಕ್) ಒಂದನ್ನು ಮುಟ್ಟಿದರೆ ಪ್ರೊಸೆಸರ್, ಮೆಮೊರಿ, ಪಿಸಿಐಇ, ಚಿಪ್‌ಸೆಟ್‌ಗೆ ಹೋಗುವ ಡಿಎಂಐ, ಡಿಸ್ಕ್‌ನ ಸಾಟಾ ಎಲ್ಲವೂ ಜೊತೆಗೇ ಏರುತ್ತವೆ. ಗ್ರಾಫಿಕ್ಸ್ ಕಾರ್ಡ್ ತಡೆದುಕೊಂಡರೂ ಡಿಸ್ಕ್ ಕೈಕೊಡಬಹುದು. ಕೆಟ್ಟ ಫೈಲ್ ಆಗಲೇ ಕಣ್ಣಿಗೆ ಬೀಳುವುದೂ ಇಲ್ಲ. 2015ರ ಸ್ಕೈಲೇಕ್ ಪ್ರೊಸೆಸರ್‌ಗಳಿಂದ ಬಿಸಿಎಲ್‌ಕೆಯನ್ನು ಪಿಸಿಐಇಯಿಂದ ಬೇರ್ಪಡಿಸಿದರು. ಆದ್ದರಿಂದ ಅಲ್ಲಿ ಬಿಸಿಎಲ್‌ಕೆ ಏರಿಸಿ ಬಸ್ ವೇಗವಾಯಿತು ಎಂದುಕೊಳ್ಳುವಂತಿಲ್ಲ.

ಮುಂದೆ, ಉಳಿದವುಗಳನ್ನು ತಗ್ಗಿಸಬೇಕು. ಬಿಸಿಎಲ್‌ಕೆಯನ್ನು ಗುಣಿಸಿ ಪ್ರೊಸೆಸರ್ ವೇಗ ಕೊಡುವ ಮಲ್ಟಿಪ್ಲೈಯರ್ 34 ಇದ್ದರೆ 32ಕ್ಕೆ ಇಳಿಸಿ. 105ರಲ್ಲೂ 3360 ಮೆಗಾಹರ್ಟ್ಸ್ ದಾಟದು. 1600ರ ಮೆಮೊರಿಯನ್ನು 1333ಕ್ಕೆ ತನ್ನಿ, ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವ ಟರ್ಬೊ ಆಫ್ ಮಾಡಿ. ಹೀಗೆ ಮಾಡದಿದ್ದರೆ ಮಷೀನ್ ನಿಂತಾಗ ತಪ್ಪು ಬಸ್ಸಿನದೋ ಮೆಮೊರಿಯದೋ ಗೊತ್ತಾಗದು. ಸ್ಪ್ರೆಡ್ ಸ್ಪೆಕ್ಟ್ರಮ್ ಕೂಡ ಆಫ್ ಇರಲಿ, ಅದು ಕ್ಲಾಕನ್ನು ಸ್ವಲ್ಪ ಕೆಳಕ್ಕೆ ಓಲಾಡಿಸುತ್ತಿರುತ್ತದೆ.

ಆಮೇಲೆ ಒಂದೊಂದೇ ಮೆಗಾಹರ್ಟ್ಸ್. ಪ್ರತಿ ಹಂತದಲ್ಲೂ ಕಾರ್ಡಿಗೆ ಕೆಲಸ ಕೊಟ್ಟೇ ಜಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ಲಿಂಕ್ (ಕಾರ್ಡಿನ ಬಸ್ ಸಂಪರ್ಕ) ನೋಡಿ; ಸುಮ್ಮನಿರುವಾಗ ವಿದ್ಯುತ್ ಉಳಿಸಲು ಲಿಂಕ್ ತಾನೇ ಜೆನ್ 1ಕ್ಕೆ, ಅಂದರೆ ಮೊದಲ ತಲೆಮಾರಿನ ವೇಗಕ್ಕೆ, ಇಳಿಯುತ್ತದೆ, ಅದನ್ನು ದೋಷವೆಂದು ತಿಳಿಯಬೇಡಿ. ಜೆನ್ 2ರಲ್ಲಿ ಒಂದು ಲೇನ್‌ಗೆ (ಬಸ್ಸಿನ ಒಂದು ಸಾಲಿಗೆ) ಸೆಕೆಂಡಿಗೆ 500 ಮೆಗಾಬೈಟ್, 105ರಲ್ಲಿ 525.

ಇದು ಕಾಗದದ ಲೆಕ್ಕ. ಬ್ಯಾಂಡ್‌ವಿಡ್ತ್ ಅಳೆದೇ ನೋಡಬೇಕು, ಏಕೆಂದರೆ ಈ ಬಸ್ ತನ್ನ ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಪ್ರತಿ ಪ್ಯಾಕೆಟ್‌ಗೂ ದೋಷ ಹಿಡಿಯುವ ಸಿಆರ್‌ಸಿ ತಪಾಸಣೆ ಇದ್ದು, ಕೆಟ್ಟದ್ದನ್ನು ಮತ್ತೆ ಕಳಿಸಲಾಗುತ್ತದೆ. ಹಾಗಾಗಿ ಮಷೀನ್ ನಿಲ್ಲದೆಯೇ ವೇಗ ಕುಸಿಯಬಹುದು. 103ಕ್ಕಿಂತ 104ರಲ್ಲಿ ಕಡಿಮೆ ಬಂದರೆ ಅಲ್ಲೇ ನಿಲ್ಲಿಸಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ ಲಾಗರ್ 17 (ಸರಿಪಡಿಸಲಾದ ಹಾರ್ಡ್‌ವೇರ್ ದೋಷದ ದಾಖಲೆ) ಕಂಡರೆ ಅದೇ ಸುಳಿವು. ಲಿನಕ್ಸ್‌ನಲ್ಲಾದರೆ ಕರ್ನಲ್ ಸಂದೇಶ ತೋರಿಸುವ ಡಿಮೆಸ್ಜ್ (dmesg) ಸಾಲುಗಳಲ್ಲಿ 'ಬ್ಯಾಡ್ ಟಿಎಲ್‌ಪಿ', ಅಂದರೆ ಕೆಟ್ಟ ಪ್ಯಾಕೆಟ್. ಬೋರ್ಡ್ ಈ ದೋಷಗಳನ್ನು ವರದಿ ಮಾಡದೆಯೂ ಇರಬಹುದು, ಲಾಗ್ ಖಾಲಿಯಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ.

ಸಾಟಾ ಪರೀಕ್ಷೆಗೆ ಹತ್ತಾರು ಗಿಗಾಬೈಟ್‌ನ ಫೈಲ್ ನಕಲಿಸಿ, ಮೂಲದ್ದೂ ನಕಲಿನದ್ದೂ ಎಸ್‌ಎಚ್‌ಎ-256 (ಫೈಲಿನ ಒಳಗಿನಿಂದ ಲೆಕ್ಕಹಾಕುವ ಗುರುತು) ತಾಳೆ ನೋಡಿ. ಬಯೋಸ್‌ನಲ್ಲಿ ಡಿಸ್ಕ್ ಕಾಣದಾದರೆ, ಯುಎಸ್‌ಬಿ ಕಡಿದುಹೋದರೆ ಮಿತಿ ದಾಟಿದಂತೆ. ಪರದೆಯೇ ಬರದಿದ್ದರೆ ಪವರ್ ಕೇಬಲ್ ಕಿತ್ತು, ಬಯೋಸ್ ಸೆಟ್ಟಿಂಗ್ ಅಳಿಸಲು ಬೋರ್ಡ್‌ನ ಸಿಮಾಸ್ ಜಂಪರ್ ಹಾಕಿ ಅಥವಾ ಸಿಆರ್2032 ಸೆಲ್ ಕೆಲ ನಿಮಿಷ ತೆಗೆದಿಡಿ. ಇನ್ನೊಂದು ಮೆಗಾಹರ್ಟ್ಸ್‌ನ ಆಸೆಗೆ ಚಿಪ್‌ಸೆಟ್ ವೋಲ್ಟೇಜ್ ಏರಿಸುವುದು ದಂಡ.

ಇಷ್ಟಾಗಿ ಆಟದ ಫ್ರೇಮ್ ರೇಟ್ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಕಾರ್ಡಿನ ಕೋರ್ ಮತ್ತು ಮೆಮೊರಿ ನಡೆಯುವುದು ಕಾರ್ಡಿನದೇ ಕ್ರಿಸ್ಟಲ್‌ನ ಕ್ಲಾಕ್ ಮೇಲೆ. ನಿಜಕ್ಕೂ ಬಸ್ಸೇ ಇಕ್ಕಟ್ಟಾಗಿದ್ದರೆ ಕಾರ್ಡ್ ಯಾವ ಸ್ಲಾಟ್‌ನಲ್ಲಿದೆ ನೋಡಿ: ಉದ್ದ ಸ್ಲಾಟ್ ಆದರೂ ಒಳಗೆ ನಾಲ್ಕೇ ಲೇನ್ ಇರಬಹುದು, 16 ಲೇನ್‌ನದಕ್ಕೆ ಬದಲಿಸಿದರೆ ಸಿಗುವುದು ನಾಲ್ಕು ಪಟ್ಟು.