ಅವಳಿ ಗಡಿಯಾರ: ತಿರುವಿನ ವರ್ಷಗಳು ಸಿಕ್ಕವು

ಕೊನೆಗೂ ಮೂರನೇ ಡಿಸ್‌ಪ್ಲೇ ಜಿಗಿಯುವುದನ್ನು ಬಿಟ್ಟಿತು! ಅವಳಿಗಳಲ್ಲಿ ಒಬ್ಬರು ಭೂಮಿಯಲ್ಲೇ ಉಳಿದು, ಇನ್ನೊಬ್ಬರು ವೇಗದ ನೌಕೆಯಲ್ಲಿ ಹೋಗಿ ಬಂದರೆ ಯಾರಿಗೆ ಎಷ್ಟು ವರ್ಷ ಕಳೆಯುತ್ತದೆ ಎಂದು ತೋರಿಸಲು ನಾನು ಕಟ್ಟುತ್ತಿರುವ ಮಾದರಿ ಇದು. ಹಳಿ, ಬೆಲ್ಟು, ಸ್ಟೆಪ್ಪರ್ ಮೋಟಾರು ಎಲ್ಲ ಹಿಂದಿನವೇ. ಕಾಡಿದ್ದು ನೌಕೆ ಹಿಂದಿರುಗುವ ತಿರುವು ಮಾತ್ರ.

ನೌಕೆ ಬೆಳಕಿನ 0.8ರಷ್ಟು ವೇಗದಲ್ಲಿ 4 ಜ್ಯೋತಿರ್ವರ್ಷ ಹೋಗಿ ಬರಬೇಕು. ಭೂಮಿಗೆ 10 ವರ್ಷ, ನೌಕೆಗೆ 6. ಈ ಎರಡು ಡಿಸ್‌ಪ್ಲೇಗಳದ್ದು ತಕರಾರಿಲ್ಲ. ಮೂರನೆಯದು ತೋರಿಸುವುದು, ನೌಕೆಯವರ ಲೆಕ್ಕದಲ್ಲಿ ಭೂಮಿಯ ಮೇಲೆ ‘ಈಗ’ ಎಷ್ಟು ಎಂಬುದನ್ನು. ತುದಿಯಲ್ಲಿ ನೌಕೆ ಗಕ್ಕನೆ ತಿರುಗಿದರೆ ಅದು 1.8ರಿಂದ ಒಮ್ಮೆಲೇ 8.2ಕ್ಕೆ ಹಾರುತ್ತಿತ್ತು. ಬಾಗಲಕೋಟೆಯಲ್ಲಿ ಮನೆಗೆ ಬಂದಿದ್ದ ಅಣ್ಣನ ಮಗಳು ಕೇಳಿದಳು: “ಕಾಕಾ, ನಡುವಿನ ಆರು ವರ್ಷ ಎಲ್ಲಿ ಹೋದ್ವು?”

ಗಣಿತ ತಪ್ಪಿಲ್ಲ. ಭೂಮಿಯ ಗಡಿಯಾರವೂ ಜಿಗಿದಿಲ್ಲ, ನೌಕೆಯ ‘ಈಗ’ ಎಂಬ ಗೆರೆ (ಯಾವ ಘಟನೆಗಳು ಒಂದೇ ಹೊತ್ತಿನವು ಎಂಬ ಅದರ ಲೆಕ್ಕ) ಓರೆ ಬದಲಿಸಿತು, ಅಷ್ಟೇ. ಆದರೆ ಮಗುವಿಗೆ ಅದು ಕಣ್ಣಿಗೆ ಕಾಣಬೇಕಲ್ಲ!

ಹಾಗಾಗಿ ಗಕ್ಕನೆ ತಿರುಗಿಸುವುದನ್ನು ಬಿಟ್ಟು 1 ಜಿ, ಅಂದರೆ ಭೂಮಿಯ ಗುರುತ್ವದಷ್ಟೇ, ವೇಗೋತ್ಕರ್ಷ (ವೇಗ ಬದಲಾಗುವ ದರ) ಕೊಟ್ಟೆ. ಕೋಡ್‌ನಲ್ಲಿ ವೇಗಕ್ಕೆ ವೇಗ ಕೂಡಿಸಬೇಡಿ. ನೌಕೆಯ ಸಮಯದ ಪ್ರತಿ ಹೆಜ್ಜೆಗೂ ರ‍್ಯಾಪಿಡಿಟಿ (ನೇರವಾಗಿ ಕೂಡಿಸಬಹುದಾದ, ವೇಗದ ಇನ್ನೊಂದು ಅಳತೆ) ಕೂಡಿಸಿ, ಅದರ ಟ್ಯಾನ್‌ಎಚ್ (tanh ಎಂಬ ಗಣಿತದ ಫಲನ) ತೆಗೆದರೆ ವೇಗ ಬರುತ್ತದೆ, ಬೆಳಕನ್ನು ಎಂದೂ ಮೀರುವುದಿಲ್ಲ. ಈಗ ತಿರುವಿಗೇ ನೌಕೆಯ 2.1 ವರ್ಷ ಬೇಕು. ಅಷ್ಟರಲ್ಲಿ ಮೂರನೇ ಡಿಸ್‌ಪ್ಲೇ 1.8ರಿಂದ 10.8ರವರೆಗೆ ಒಂದಂಕಿಯನ್ನೂ ಬಿಡದೆ ಸರಸರ ಏರುತ್ತದೆ. ಒಟ್ಟು ಪಯಣ: ನೌಕೆಗೆ 8.1, ಭೂಮಿಗೆ 12.6.

ವೇಗೋತ್ಕರ್ಷ ಬಂದರೆ ಸಾಮಾನ್ಯ ಸಾಪೇಕ್ಷತೆಯೇ (ಐನ್‌ಸ್ಟೈನರ ಗುರುತ್ವದ ಸಿದ್ಧಾಂತ) ಬೇಕು ಎನ್ನುವವರು ತಿರುವಿನ ನಟ್ಟನಡುವಿನ ಕ್ಷಣ ನೋಡಬೇಕು. ನೌಕೆ ಭೂಮಿಯ ಲೆಕ್ಕಕ್ಕೆ ನಿಂತಿರುತ್ತದೆ, ವೇಗ ಸೊನ್ನೆ. ವೇಗೋತ್ಕರ್ಷ ಮಾತ್ರ ಅದೇ 1 ಜಿ ಹಾಗೇ ಇದೆ. ಆ ಕ್ಷಣಕ್ಕೆ, ಭೂಮಿಯವರ ಅಳತೆಯಲ್ಲಿ, ಎರಡೂ ಗಡಿಯಾರ ಒಂದೇ ಗತಿಯಲ್ಲಿ ಬಡಿಯುತ್ತವೆ! ಗಡಿಯಾರದ ಗತಿಗೆ ಬೇಕಾದದ್ದು ಆ ಕ್ಷಣದ ವೇಗ ಮಾತ್ರ. ಗುರುತ್ವ ಇಲ್ಲದ ಕಡೆ ಅವರ ಮೊದಲ ಸಿದ್ಧಾಂತ, ವಿಶೇಷ ಸಾಪೇಕ್ಷತೆಯೇ ಸಾಕು.

ಇದು ಬರೀ ಕಾಗದದ ಮಾತಲ್ಲ. ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನ 14 ಮೀಟರ್ ವ್ಯಾಸದ ಉಂಗುರದಲ್ಲಿ ಸುತ್ತಿದ, ಎಲೆಕ್ಟ್ರಾನಿನಂಥವೇ ಆದರೂ ಹೆಚ್ಚು ಭಾರದ, ಬೇಗ ಅಳಿಯುವ ಕಣಗಳಾದ ಮ್ಯುವಾನ್‌ಗಳ ಆಯುಸ್ಸು 2.2ರಿಂದ ಸುಮಾರು 64 ಮೈಕ್ರೊಸೆಕೆಂಡಿಗೆ ಹಿಗ್ಗಿತು. ಫಲಿತಾಂಶ ಪ್ರಕಟವಾದದ್ದು 1977ರಲ್ಲಿ. ಅವುಗಳ ಮೇಲಿದ್ದ ವೇಗೋತ್ಕರ್ಷ ಒಂದರ ಮುಂದೆ 18 ಸೊನ್ನೆ ಇಟ್ಟಷ್ಟು ಜಿ. ಆದರೂ ಬರೀ ವೇಗದ ಸೂತ್ರ ಹೇಳಿದಷ್ಟೇ ಆಯುಸ್ಸು!

ಡಿಸ್‌ಪ್ಲೇ ಕಳಿಸಿದವರ ಮೇಲೆ ಸಿಟ್ಟಿದೆ. ದಶಮಾಂಶ ಚುಕ್ಕಿಯದ್ದು ಕೇಳಿದರೆ ಗಡಿಯಾರದ ಜೋಡಿ ಚುಕ್ಕಿಯದ್ದು ಬಂತು. 10:80 ಎಂದು ಕಂಡರೆ ಯಾರು ವರ್ಷ ಅಂದಾರು? ವಾಪಸ್ ತಗೊಳ್ಳಿ ಅಂದರೆ ಫೋನೇ ಎತ್ತುವುದಿಲ್ಲ.

ಮುಂದಿನದು ಮ್ಯುವಾನ್ ಎಣಿಸುವ ಯಂತ್ರ. ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು) ಬಿಡಿ ತುಂಡು ಕೊಡುವವರು ಬೆಳಗಾವಿ, ಹುಬ್ಬಳ್ಳಿ ಕಡೆ ಇದ್ದರೆ ತಿಳಿಸಿ.