ಫೋಮ್ ಎದ್ದು ಬಂತು, ಅಂಟು ಅಲ್ಲೇ ಉಳಿಯಿತು

ದೋಣಿಗಳ ಒಳಭಾಗದ ದುರಸ್ತಿ ನನ್ನ ವೃತ್ತಿ. ನೆಲಹಾಸು ಬದಲಾಯಿಸುವ ಕೆಲಸ ಬಂದಾಗಲೆಲ್ಲ ಮಾಲೀಕರು ವಿಚಾರಿಸುವುದು ಹೊಸ ಹಾಸಿನ ಬಣ್ಣ, ದಪ್ಪ ಮತ್ತು ಬಾಳಿಕೆಯನ್ನು. ಹಳೆಯ ಹಾಸಿನ ಕೆಳಗಿರುವ ಅಂಟಿನ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ನಾನೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸುಮಾರು 5.5 ಮೀಟರ್ ಉದ್ದದ ಫೈಬರ್‌ಗ್ಲಾಸ್ ದೋಣಿಯೊಂದರ ಫೋಮ್ ನೆಲವನ್ನು ಕಿತ್ತು ಕಾರ್ಪೆಟ್ ಹಾಕಿಕೊಡಲು ಒಪ್ಪಿಕೊಂಡಾಗ 3 ದಿನಗಳಲ್ಲಿ ಮುಗಿಸುತ್ತೇನೆಂದು ಮಾತು ಕೊಟ್ಟಿದ್ದೆ. ಕೆಲಸ 8 ದಿನ ಹಿಡಿಯಿತು. ಹೆಚ್ಚಾದ ಆ 5 ದಿನಗಳೂ ಅಂಟಿಗೇ ಹೋದವು. ಅದರಲ್ಲೂ ಒಂದೂವರೆ ದಿನ ನಾನೇ ಮಾಡಿದ ಹಾನಿಯನ್ನು ಸರಿಪಡಿಸುವುದಕ್ಕೆ ಹೋಯಿತು.

ಅದು ಇವಿಎ ಫೋಮ್, ಅಂದರೆ ಎಥಿಲೀನ್ ವಿನೈಲ್ ಅಸಿಟೇಟ್‌ನಿಂದ ಮಾಡಿದ, ನೀರು ಹೀರದ ಮುಚ್ಚಿದ ಕೋಶಗಳ ಹಾಳೆ. ದಪ್ಪ 6 ಮಿಲಿಮೀಟರ್. ಹಿಂಬದಿಯಲ್ಲಿ ಒತ್ತಿದರೆ ಹಿಡಿಯುವ ಅಕ್ರಿಲಿಕ್ ಅಂಟಿನ ಪದರ. ಹೊಸದಿದ್ದಾಗ ಇದು ಒಳ್ಳೆಯ ನೆಲಹಾಸೇ: ಕಾಲಿಗೆ ಮೆತ್ತಗೆ, ಒದ್ದೆಯಾದರೂ ಜಾರುವುದಿಲ್ಲ. ಆದರೆ ವರ್ಷಗಟ್ಟಲೆ ಬಿಸಿಲು ತಿಂದ ಆ ಫೋಮ್ ಕುಗ್ಗಿ, ತುಂಡು ತುಂಡುಗಳ ನಡುವಿನ ಸಂದು ಬೆರಳು ತೂರುವಷ್ಟು ಅಗಲವಾಗಿತ್ತು, ಅಂಚುಗಳು ಮೇಲೆದ್ದಿದ್ದವು, ಮೀನಿನ ಗಾಳಗಳು ಚುಚ್ಚಿದ ಕಡೆಯೆಲ್ಲ ಹರಿದಿತ್ತು. ಮಧ್ಯಾಹ್ನದ ಹೊತ್ತಿಗೆ ಬರಿಗಾಲಿಡಲು ಆಗುವುದಿಲ್ಲವೆಂಬುದು ಮಾಲೀಕರ ಮುಖ್ಯ ದೂರು. ಕಾರ್ಪೆಟ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಗಲು ತಡವಾಗುತ್ತದೆ ಎಂದು ಅವರಿಗೆ ಮೊದಲೇ ತಿಳಿಸಿದೆ. ಅದನ್ನು ಅರಿತೇ ಅವರು ಕಾರ್ಪೆಟ್ ಬೇಕೆಂದರು.

ಮೊದಲ ದಿನ ನನಗೆ ಹುಮ್ಮಸ್ಸಿತ್ತು. ಅಂಚು ಹಿಡಿದು ಜೋರಾಗಿ ಎಳೆದರೆ ಫೋಮ್ ಸರಸರನೆ ಬರುತ್ತಿತ್ತು. ಎರಡು ಗಂಟೆಯೊಳಗೆ ಇಡೀ ನೆಲ ಬರಿದಾಯಿತೆಂದುಕೊಂಡೆ. ಬಗ್ಗಿ ನೋಡಿದಾಗ ನೆಲದ ತುಂಬ ಬೂದುಬಣ್ಣದ ಒಂದು ತೆಳುಪೊರೆ. ಫೋಮ್ ನಡುವೆಯೇ ಸೀಳಿ, ಮೇಲಿನ ಭಾಗ ಮಾತ್ರ ನನ್ನ ಕೈಗೆ ಬಂದಿತ್ತು. ಕೆಳಗಿನ ಚರ್ಮ ಅಂಟಿನ ಜೊತೆ ಅಲ್ಲೇ ಕುಳಿತಿತ್ತು. ಇದರ ಕಾರಣ ನನಗೆ ಆಮೇಲೆ ಅರ್ಥವಾಯಿತು. ಒತ್ತಿದರೆ ಹಿಡಿಯುವ ಅಂಟು ಪೂರ್ತಿ ಘನವೂ ಅಲ್ಲ, ಪೂರ್ತಿ ದ್ರವವೂ ಅಲ್ಲ. ಥಟ್ಟನೆ ಎಳೆದರೆ ಅದು ಬಿಗಿಯಾಗಿ ಎದುರು ನಿಲ್ಲುತ್ತದೆ, ನಿಧಾನವಾಗಿ ಎಳೆದರೆ ಹಿಗ್ಗಿ, ದ್ರವದಂತೆ ಹರಿದು, ಹಿಡಿತ ಸಡಿಲಿಸುತ್ತದೆ. ವೇಗ ಹೆಚ್ಚಿದಷ್ಟೂ ಕೀಳಲು ಬೇಕಾದ ಬಲವೂ ಹೆಚ್ಚುವುದರಿಂದ, ಅಂಟಿಗಿಂತ ದುರ್ಬಲವಾದ ಹಳೆಯ ಫೋಮ್ ಮೊದಲು ಹರಿಯುತ್ತದೆ. ಈಗ ನಾನು ಫೋಮನ್ನು ಒಂದು ಅಂಗೈ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಹದವಾಗಿ ಬಿಸಿ ಮಾಡಿ, ಪಟ್ಟಿಯನ್ನು ಹಿಂದಕ್ಕೆ ಮಡಚಿ, ನೆಲಕ್ಕೆ ತಾಗಿದಂತೆಯೇ ನಿಧಾನವಾಗಿ ಎಳೆಯುತ್ತೇನೆ. ನೋಡುವವರಿಗೆ ಬೇಸರ ಬರುವಷ್ಟು ನಿಧಾನ. ಆದರೆ ಅಂಟಿನ ಬಹುಪಾಲು ಫೋಮಿನ ಜೊತೆಗೇ ಬಂದುಬಿಡುತ್ತದೆ.

ಎರಡನೆಯ ದಿನ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಉಳಿದ ಪೊರೆಯನ್ನು ಹೀಟ್ ಗನ್ನಿನಿಂದ ಕಾಯಿಸಿ, ಉಕ್ಕಿನ ಸ್ಕ್ರೇಪರಿನಿಂದ ಕೆರೆಯಲು ಶುರುಮಾಡಿದೆ. ಹೀಟ್ ಗನ್ನಿನ ಮೂತಿಯಲ್ಲಿ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಅಂಟು ಮೆತ್ತಗಾಗಲು 50ರಿಂದ 60 ಡಿಗ್ರಿ ಧಾರಾಳ ಸಾಕು. ಹಿಂಬದಿಯ ಹ್ಯಾಚ್ (ನೆಲದಲ್ಲಿನ ಕಿಂಡಿ) ಮುಚ್ಚಳದ ಬಳಿ ಅಂಟು ಹಟ ಹಿಡಿದಾಗ ಗನ್ನನ್ನು ಒಂದೇ ಕಡೆ ಹಿಡಿದು ನಿಂತೆ, ಸ್ಕ್ರೇಪರಿನ ಮೇಲೆ ಮೈಭಾರ ಹಾಕಿದೆ. ಬ್ಲೇಡಿನ ಮೂಲೆ ಸರಕ್ಕನೆ ಕೆಳಗಿಳಿಯಿತು. ಬಿಸಿಗೆ ಮೆತ್ತಗಾಗಿದ್ದ, ದೋಣಿಯ ಮೈಯ ರಾಳದ ಹೊರಪದರವಾದ ಜೆಲ್‌ಕೋಟ್ ಬೆರಳುದ್ದಕ್ಕೆ ಸುಲಿದು, ಅದರಡಿಯ ಗಾಜಿನ ನಾರು ಮಾಸಲು ಎಳೆಗಳಾಗಿ ಕಂಡಿತು. ಜೆಲ್‌ಕೋಟಿನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಹಡಗುದ್ಯಮದಲ್ಲಿ ಇಷ್ಟು ವರ್ಷ ದುಡಿದ ನನಗೆ ಅದು ತಿಳಿಯದ ಸಂಗತಿಯೇನಲ್ಲ. ಆದರೂ ಆ ಹೊತ್ತಿಗೆ ನನ್ನ ಗಮನವೆಲ್ಲ ಅಂಟಿನ ಮೇಲಿತ್ತೇ ಹೊರತು ಅದು ಕುಳಿತಿದ್ದ ಮೈಯ ಮೇಲಿರಲಿಲ್ಲ.

ಕಾರ್ಪೆಟ್ಟಿನಡಿ ಯಾರಿಗೂ ಕಾಣುವುದಿಲ್ಲ, ಮುಚ್ಚಿಬಿಡೋಣ ಎಂದು ಜೊತೆಗಿದ್ದ ಹುಡುಗ ಹೇಳಿದ. ಕಾಣುವುದಿಲ್ಲವೆಂಬುದು ನಿಜ. ಆದರೆ ಜೆಲ್‌ಕೋಟ್ ಬರಿಯ ಅಲಂಕಾರವಲ್ಲ, ನೀರನ್ನು ತಡೆಯುವ ಕವಚ. ನೀರು ಹಿಡಿದಿಟ್ಟುಕೊಳ್ಳುವ ಕಾರ್ಪೆಟ್ಟಿನಡಿಯಲ್ಲೇ ಆ ಕವಚ ಹರಿದಿದ್ದರೆ ತೇವ ನಾರಿನೊಳಗೆ ಇಳಿದು, ಒಳಗೆ ಮರದ ಪದರವಿದ್ದರೆ ಅದನ್ನು ಕೊಳೆಸುತ್ತದೆ. ಮಾಲೀಕರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ, ಸರಿಪಡಿಸುವ ಖರ್ಚು ನನ್ನದೆಂದೂ ಹೇಳಿದೆ. ಸುತ್ತಲಿನ ಅಂಟನ್ನು ಪೂರ್ತಿ ತೆಗೆದ ಮೇಲೆ ಗಾಯದ ಅಂಚನ್ನು ಉಪ್ಪುಕಾಗದದಿಂದ ಇಳಿಜಾರು ಮಾಡಿ, ಜೆಲ್‌ಕೋಟ್ ಪೇಸ್ಟ್ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿದೆ. ಮೇಣ ಬೆರೆಸದ ಜೆಲ್‌ಕೋಟ್ ಗಾಳಿ ತಾಗಿದರೆ ಮೇಲ್ಮೈಯಲ್ಲಿ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುತ್ತದೆ.

ಮೂರನೆಯ ದಿನ ಕೆಲಸ ನಿಲ್ಲಿಸಿ ಪರೀಕ್ಷೆಗೆ ಕುಳಿತೆ. ಮಾಸ್ಕಿಂಗ್ ಟೇಪಿನಿಂದ ನೆಲದ ಮೇಲೆ ಅಂಗೈ ಅಗಲದ ಮೂರು ಚೌಕಗಳನ್ನು ಗುರುತಿಸಿ, ಒಂದಕ್ಕೆ ಅಸಿಟೋನ್, ಇನ್ನೊಂದಕ್ಕೆ ಮಿನರಲ್ ಟರ್ಪೆಂಟೈನ್, ಮೂರನೆಯದಕ್ಕೆ ಕಿತ್ತಳೆ ಸಿಪ್ಪೆಯಿಂದ ತೆಗೆದ ಲಿಮೊನೀನ್ ಇರುವ ಅಂಟು ನಿವಾರಕ ಜೆಲ್ ಹಚ್ಚಿದೆ. ಅಸಿಟೋನ್ 56 ಡಿಗ್ರಿಗೇ ಕುದಿಯುವ ದ್ರವ. ಬಿಸಿಲಿಗೆ ಕಾದ ನೆಲದ ಮೇಲೆ ಅದು ಅಂಟಿನೊಳಗೆ ಇಳಿಯುವ ಮೊದಲೇ ಆರಿಹೋಯಿತು, ಉಜ್ಜಿದರೆ ಅಂಟು ಎದ್ದು ಬರುವ ಬದಲು ಪಕ್ಕಕ್ಕೆ ಬಳಿದುಕೊಂಡಿತು. ಹೆಚ್ಚು ಹೊತ್ತು ನೆನೆಸಿದರೆ ಜೆಲ್‌ಕೋಟನ್ನೇ ಅದು ಮೆತ್ತಗೆ ಮಾಡುವುದರಿಂದ ಮತ್ತೆ ಮತ್ತೆ ಸುರಿಯುವಂತೆಯೂ ಇರಲಿಲ್ಲ. ಟರ್ಪೆಂಟೈನ್ ಅರ್ಧ ಕೆಲಸ ಮಾಡಿತು. ಲಿಮೊನೀನ್ ಕುದಿಯುವುದು 176 ಡಿಗ್ರಿಯಲ್ಲಿ, ಆದ್ದರಿಂದ ಅದು ಆರದೆ ನಿಲ್ಲುತ್ತದೆ. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ 40 ನಿಮಿಷ ಬಿಟ್ಟೆ. ಹಾಳೆ ಎತ್ತಿದಾಗ ಅಂಟು ನೀರಿನಲ್ಲಿ ನೆಂದ ಕಾಗದದಂತೆ ಸುಕ್ಕುಗಟ್ಟಿ ಉಬ್ಬಿತ್ತು. ಪ್ಲಾಸ್ಟಿಕ್ ಸ್ಕ್ರೇಪರನ್ನು ಬರಿದೆ ಜಾರಿಸಿದಂತೆ ತಳ್ಳಿದೆ. ಇಡೀ ಚೌಕ ಒಂದೇ ಮಡಿಕೆಯಾಗಿ ಮುಂದಕ್ಕೆ ಸುರುಳಿಕೊಂಡು ಬಂತು, ಅದರ ಹಿಂದೆ ಬಿಳಿಯ ನೆಲ.

ಅಂಟು ತೆಗೆಯುವುದೆಂದರೆ ಕರಗಿಸುವುದೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಈ ಬಗೆಯ ಅಕ್ರಿಲಿಕ್ ಅಂಟಿನ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದರಿಂದ ಅದು ಸಕ್ಕರೆ ಕರಗಿದಂತೆ ಕರಗುವುದಿಲ್ಲ. ದ್ರಾವಕವನ್ನು ಕುಡಿದು ಉಬ್ಬುತ್ತದೆ, ಉಬ್ಬಿದಾಗ ನೆಲದ ಮೇಲಿನ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ಬೇಕಾದದ್ದು ಬಲವಾದ ದ್ರಾವಕವಲ್ಲ, ಅಲ್ಲೇ ನಿಲ್ಲುವ ದ್ರಾವಕ ಮತ್ತು ಅದಕ್ಕೆ ಕೊಡುವ ಸಮಯ. ಅವಸರದಲ್ಲಿ ಬೇಗ ಕೆರೆದರೆ ಮೇಲಿನ ಅರ್ಧ ಮಾತ್ರ ಬರುತ್ತದೆ, ಜೆಲ್ ಆರುವವರೆಗೆ ಬಿಟ್ಟರೆ ಅಂಟು ಮತ್ತೆ ಕೂರುತ್ತದೆ. ಅಂದಿನಿಂದ ನಾನು ಒಂದು ಬಾರಿಗೆ ಒಂದು ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ಜೆಲ್ ಹಚ್ಚುವುದಿಲ್ಲ. ಕಾಲು ಜಾರದಿರಲೆಂದು ಉಬ್ಬುತಗ್ಗಿನ ವಿನ್ಯಾಸ ಮಾಡಿದ ಕಡೆ ಸ್ಕ್ರೇಪರ್ ನಡೆಯುವುದಿಲ್ಲ. ಅಲ್ಲಿ ನೈಲಾನ್ ಬ್ರಷ್ಷೇ ಗತಿ, ಮೊಣಕಾಲೂರಿ ಒಂದೊಂದೇ ಗೆರೆ ಉಜ್ಜಬೇಕು. ಆ ದೋಣಿಯಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಆ ಗೆರೆಗಳೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದ್ರಾವಕಗಳ ಆವಿ ಗಾಳಿಗಿಂತ ಭಾರ. ತೆರೆದ ದೋಣಿಯಲ್ಲಿ ಕೂಡ ಅದು ನೆಲದ ಸಂದುಗಳಿಂದ ದೋಣಿಯ ತಳದ ಪೊಳ್ಳು ಜಾಗವಾದ ಬಿಲ್ಜ್‌ಗೆ ಇಳಿದು ಅಲ್ಲೇ ಮಡುಗಟ್ಟುತ್ತದೆ. ಬಿಲ್ಜಿನ ಪಂಪ್ ತಾನಾಗಿ ಚಾಲೂ ಆಗುವಂಥದ್ದು, ಅದರ ಸ್ವಿಚ್ಚಿನ ಒಂದು ಕಿಡಿ ಸಾಕು. ಅಸಿಟೋನ್ ಆವಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲದು; ಲಿಮೊನೀನ್ ಅಷ್ಟು ಚುರುಕಲ್ಲ, ಆದರೆ ಸುಮಾರು 48 ಡಿಗ್ರಿಯಲ್ಲಿ ಕಿಡಿ ತಾಗಿದರೆ ಅದೂ ಹೊತ್ತಿಕೊಳ್ಳುತ್ತದೆ, ಬಿಸಿಲಿನ ನೆಲ ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ಆದ್ದರಿಂದ ಬ್ಯಾಟರಿಯ ತಂತಿ ಬಿಚ್ಚದೆ, ಹ್ಯಾಚ್‌ಗಳ ಅಂಚಿಗೆ ಟೇಪ್ ಹಾಕದೆ, ನೀರು ಹೊರಹೋಗುವ ರಂಧ್ರ ಮುಚ್ಚದೆ ನಾನು ಡಬ್ಬದ ಮುಚ್ಚಳ ತೆಗೆಯುವುದಿಲ್ಲ. ಹೀಟ್ ಗನ್ ಬಳಸುವ ದಿನ ದ್ರಾವಕವಿಲ್ಲ, ದ್ರಾವಕ ಬಳಸುವ ದಿನ ಹೀಟ್ ಗನ್ನಿಲ್ಲ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಆವಿಗೆಂದೇ ಮಾಡಿದ ಇದ್ದಿಲಿನ ಫಿಲ್ಟರಿನ ಮಾಸ್ಕ್ ಬೇಕು. ತೆಳುವಾದ ನೈಟ್ರೈಲ್ ಕೈಗವಸು ಅಸಿಟೋನಿಗೆ ಹೆಚ್ಚು ಹೊತ್ತು ತಡೆಯುವುದಿಲ್ಲ, ಒದ್ದೆಯಾದ ಕೂಡಲೇ ಬದಲಾಯಿಸಬೇಕು.

ಅಂಟು ಹೋದ ಮೇಲೆ ಲಿಮೊನೀನ್ ತನ್ನದೊಂದು ಎಣ್ಣೆಯ ಪದರ ಬಿಟ್ಟಿರುತ್ತದೆ. ಅದರ ಮೇಲೆ ಕಾರ್ಪೆಟ್ ಅಂಟು ಬಳಿದರೆ ಸ್ವಲ್ಪ ಕಾಲದಲ್ಲೇ ಮೂಲೆಗಳು ಏಳುತ್ತವೆ. ಬೆಚ್ಚಗಿನ ಸೋಪು ನೀರಿನಲ್ಲಿ ಎರಡು ಸಲ ತೊಳೆದು, ಒಣಗಿದ ಮೇಲೆ 80 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಮಾಸಲು ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಿದೆ. ಒಂದೇ ಬಟ್ಟೆಯಾದರೆ ಎಣ್ಣೆ ಜಾಗ ಬದಲಾಯಿಸುತ್ತದೆ ಅಷ್ಟೇ. ಆಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಮೂರು ಕಡೆ ನೀರು ಹಾಳೆಯಂತೆ ಹರಡಿತು, ಎಡಮೂಲೆಯಲ್ಲಿ ಮಣಿಗಟ್ಟಿ ನಿಂತಿತು. ಆ ಮೂಲೆಯನ್ನು ಮತ್ತೆ ತೊಳೆದೆ.

ಕಾರ್ಪೆಟ್ ಹಾಕುವ ಭಾಗ ಇದರ ಮುಂದೆ ಹಗುರ. ಹಳೆಯ ಫೋಮಿನ ತುಂಡುಗಳನ್ನೇ ಅಳತೆಗೆ ಇಟ್ಟುಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಅವು ಕುಗ್ಗಿರುವುದರಿಂದ ಹೊಸ ಹಾಸೂ ಅಷ್ಟೇ ಗಿಡ್ಡವಾಗುತ್ತದೆ. ದಪ್ಪ ಕಾಗದವನ್ನು ನೆಲಕ್ಕೇ ಹಾಸಿ ಹೊಸ ಅಳತೆ ತೆಗೆಯುವುದೇ ಸರಿ. ಕಾರ್ಪೆಟ್ಟನ್ನು ಹಿಂಬದಿಯಿಂದ ಕತ್ತರಿಸುವುದರಿಂದ ಕಾಗದವನ್ನು ಮಗುಚಿ ಇಡಬೇಕು, ಇಲ್ಲದಿದ್ದರೆ ಎಡದ ತುಂಡು ಬಲಕ್ಕೆ ತಯಾರಾಗುತ್ತದೆ. ಎಲ್ಲ ತುಂಡುಗಳ ಎಳೆಯ ಒಲವು ಒಂದೇ ದಿಕ್ಕಿಗಿರಬೇಕು. ಬೇರೆಯಾದರೆ ಒಂದೇ ಬಣ್ಣ ಎರಡು ಬಣ್ಣದಂತೆ ಕಾಣುತ್ತದೆ. ಸುರುಳಿ ಬಿಚ್ಚಿ ಬಿಸಿಲಿನಲ್ಲಿ ಚಪ್ಪಟೆಯಾಗಲು ಬಿಟ್ಟು, ಹೊರಾಂಗಣಕ್ಕೆಂದು ಮಾಡಿದ ನೀರು ತಡೆಯುವ ಅಂಟನ್ನು ಹಲ್ಲಿನ ಕರಣೆಯಿಂದ ಅರ್ಧ ನೆಲಕ್ಕೆ ಮಾತ್ರ ಬಳಿದು, ಜಿಗುಟು ಬಂದ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ರೋಲರ್ ಆಡಿಸಿದೆ. ಹ್ಯಾಚ್ ಮುಚ್ಚಳಗಳ ಅಂಚಿಗೆ ಕಾರ್ಪೆಟ್ ಮಡಚಲಿಲ್ಲ. ಮಡಚಿದರೆ ಮುಚ್ಚಳ ಚೌಕಟ್ಟಿನಲ್ಲಿ ಬಿಗಿದುಕೊಳ್ಳುತ್ತದೆ.

ನೀರು ಬಂದು ನಿಲ್ಲುವ ಹಿಂಬದಿಯ ಪಟ್ಟಿಗೆ ಮಾತ್ರ ಅಂಟು ಹಾಕಲು ನನಗೆ ಮನಸ್ಸು ಬರಲಿಲ್ಲ. ಮಾಲೀಕರ ಒಪ್ಪಿಗೆ ಪಡೆದು ಆ ತುಂಡಿಗೆ ಒತ್ತುಗುಂಡಿಗಳನ್ನು ಕೂಡಿಸಿ, ನೆಲದಲ್ಲಿ ಕೊರೆದ ಪ್ರತಿ ರಂಧ್ರಕ್ಕೂ ಸೀಲಂಟ್ ತುಂಬಿದೆ. ಪ್ರತಿ ಸಲ ದೋಣಿ ತೊಳೆದಾದ ಮೇಲೆ ಅವರು ಅದನ್ನು ಕಿತ್ತು ಒಣಹಾಕುತ್ತಾರೆ. ನಾನು ಸುಲಿದ ಜಾಗವೂ ಆ ಪಟ್ಟಿಯ ಕೆಳಗೇ ಇದೆ. ದೋಣಿ ಸರ್ವಿಸಿಗೆ ಬಂದಾಗಲೆಲ್ಲ ಗುಂಡಿ ಬಿಚ್ಚಿ ಅಲ್ಲಿ ಉಗುರಾಡಿಸಿ ನೋಡುತ್ತೇನೆ.

ಈಗ ಅಂದಾಜು ಪಟ್ಟಿ ಬರೆಯುವಾಗ ಅಂಟು ತೆಗೆಯುವ ಕೆಲಸಕ್ಕೆ ಪ್ರತ್ಯೇಕ ಸಾಲು, ಪ್ರತ್ಯೇಕ ದಿನಗಳು. ದಿನ ಎಷ್ಟೆಂದು ಹೇಳುವ ಮೊದಲು ಮಾಲೀಕರ ಎದುರಿಗೇ ಒಂದು ಮೂಲೆಯ ಫೋಮ್ ಎಬ್ಬಿಸಿ, ಜೆಲ್ ಹಚ್ಚಿ, ಗಡಿಯಾರ ನೋಡುತ್ತಾ ಕೂರುತ್ತೇನೆ.